ಮೇಜಿನ ಮೇಲಿನ ಯುದ್ಧಗಾಡಿ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬ)

ಮನುಷ್ಯನಿಗೆ ಹೊಟ್ಟೆಪಾಡಿಗೊಂದು ಉದ್ಯೋಗವಿರುವಂತೆ ಮನಸ್ಸಿನ ನೆಮ್ಮದಿಗೊಂದು ಹವ್ಯಾಸವಿರಬೇಕೆಂದು ಬಲ್ಲವರು ಹೇಳುತ್ತಾರೆ. ಕೆಲವರು ಅಂಚೆಚೀಟಿ ಕೂಡಿಸುತ್ತಾರೆ. ಕೆಲವರು ಹಳೆಯ ನಾಣ್ಯಗಳನ್ನು ಅರಸುತ್ತಾರೆ. ಮತ್ತೆ ಕೆಲವರು ಕವಿತೆ ಬರೆದು ಸ್ನೇಹಿತರಿಗೆ ಓದಿಹೇಳಿ ಅವರ ತಾಳ್ಮೆಯನ್ನು ಪರೀಕ್ಷಿಸುತ್ತಾರೆ. ನನ್ನ ಹವ್ಯಾಸ ಇವಾವುದೂ ಅಲ್ಲ. ಪ್ಲಾಸ್ಟಿಕ್ಕಿನ ಚೂರುಗಳನ್ನು ಕತ್ತರಿಸಿ, ಅರದಿಂದ ಉಜ್ಜಿ, ಅಂಟಿಸಿ, ಬಣ್ಣ ಬಳಿದು ನಾನು ಯುದ್ಧಗಾಡಿಗಳ ಪ್ರತಿಕೃತಿಗಳನ್ನು ಮಾಡುತ್ತೇನೆ. ಅದರಲ್ಲಿಯೂ ಎರಡನೆಯ ಮಹಾಯುದ್ಧದ ಕಾಲದ ಜರ್ಮನರ ಹಾಫ್‌ಟ್ರ್ಯಾಕುಗಳೆಂದರೆ ನನಗೆ ವಿಶೇಷ ಮೋಹ. ವಸತಿಗೃಹದ ನನ್ನ ಕೋಣೆಗೆ ಬಂದ ಮಿತ್ರರು ಪುಸ್ತಕವಿಡಬೇಕಾದ ಮೇಜಿನ ಮೇಲೆ ಪುಟ್ಟ ಗಾಲಿಗಳನ್ನೂ ಅಂಟಿನ ಶೀಶೆಯನ್ನೂ ಕಂಡು ನಗುವುದು ವಾಡಿಕೆ.

ಈ ಹವ್ಯಾಸದ ಮೇಲೆ ಎರಡು ಆಕ್ಷೇಪಣೆಗಳಿವೆ. ಇದು ಮಕ್ಕಳಾಟ ಎಂಬುದು ಮೊದಲನೆಯದು. ಮಾಡುವುದೇ ಆದರೆ ನಾಜಿಗಳ ಗಾಡಿಯನ್ನೇ ಏಕೆ ಮಾಡಬೇಕು ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ಉತ್ತರ ಹೇಳಲು ನನಗೆ ಒಂದು ವರ್ಷವೇ ಹಿಡಿಯಿತು. ಆ ಉತ್ತರವನ್ನು ವಾಚಕರ ಮುಂದಿಡುವುದಕ್ಕಾಗಿಯೇ ಈ ಲೇಖನ.

ಹಾಫ್‌ಟ್ರ್ಯಾಕ್ ಎಂದರೇನೆಂಬುದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಮುಂದೆ ಲಾರಿಯಂತೆ ಎರಡು ಗಾಲಿ, ಹಿಂದೆ ಟ್ಯಾಂಕಿನಂತೆ ಸರಪಳಿಪಟ್ಟಿ. ಹೀಗೆ ಅರ್ಧ ಲಾರಿಯೂ ಅರ್ಧ ಟ್ಯಾಂಕೂ ಆಗಿರುವ ವಾಹನ ಅದು. ರಸ್ತೆಯಿಲ್ಲದ ಕಡೆ, ಕೆಸರು ಮರಳುಗಳಲ್ಲಿ ಲಾರಿ ಹೂತುಹೋಗುವಲ್ಲಿ ಇದು ನಡೆದೀತೆಂಬುದು ಇದರ ಹಿಂದಿನ ಯುಕ್ತಿ. ಈ ಯುಕ್ತಿ ಹುಟ್ಟಿದ್ದು ಜರ್ಮನಿಯಲ್ಲಲ್ಲ. ಮೊದಲ ಮಹಾಯುದ್ಧಕ್ಕೂ ಮುಂಚೆ ರಷ್ಯದ ಝಾರ್ ದೊರೆಯ ಸೇವೆಯಲ್ಲಿದ್ದ ಅಡಾಲ್ಫ್ ಕೆಗ್ರೆಸ್ ಎಂಬ ಫ್ರೆಂಚ್ ಎಂಜಿನಿಯರು ಹಿಮದಲ್ಲಿ ಓಡಲೆಂದು ಅರಮನೆಯ ಮೋಟಾರು ಗಾಡಿಗಳಿಗೆ ರಬ್ಬರಿನ ಪಟ್ಟಿ ತೊಡಿಸಿದ. ಮುಂದೆ ೧೯೨೨-೨೩ರಲ್ಲಿ ಅವನ ಪಟ್ಟಿ ತೊಟ್ಟ ಸಿಟ್ರೊಯೆನ್ ಗಾಡಿಗಳು ಸಹರಾ ಮರಳುಗಾಡನ್ನು ದಾಟಿದುವು. ಯಂತ್ರಕ್ಕೆ ತಾನಾಗಿ ಜಾತಿಯೂ ಇಲ್ಲ, ಪಾಪವೂ ಇಲ್ಲ. ಅದನ್ನು ಎತ್ತ ಓಡಿಸುತ್ತೇವೆಂಬುದರ ಮೇಲೆ ಎಲ್ಲವೂ ನಿಂತಿದೆ.

ಜರ್ಮನರು ಇದನ್ನು ಯುದ್ಧಕ್ಕೆ ಹೂಡಿದರು. ಫಿರಂಗಿಗಳನ್ನು ಎಳೆಯಲು ಒಂದು ಟನ್ನಿನಿಂದ ಹದಿನೆಂಟು ಟನ್ನಿನವರೆಗೆ ಎಳೆಯಬಲ್ಲ ಬಗೆಬಗೆಯ ಗಾಡಿಗಳನ್ನು ಮಾಡಿದರು. ಅವುಗಳಲ್ಲಿ ಮೂರು ಟನ್ನಿನ ಗಾಡಿಯ ಅಡಿಗಟ್ಟಿನ ಮೇಲೆ ಉಕ್ಕಿನ ಒಡಲನ್ನು ಕೂರಿಸಿ ಸೈನಿಕರನ್ನು ಸಾಗಿಸುವ ವಾಹನವೊಂದನ್ನು ಸಿದ್ಧಪಡಿಸಿದರು. ಅದರ ಸಂಖ್ಯೆ ೨೫೧. ಅಡಿಗಟ್ಟನ್ನು ರೂಪಿಸಿದ್ದು ಹ್ಯಾನೋವರಿನ ಹಾನೊಮಾಗ್ ಕಾರ್ಖಾನೆಯಾದ್ದರಿಂದ ಹವ್ಯಾಸಿಗಳ ಬಾಯಲ್ಲಿ ಅದು ಹಾನೊಮಾಗ್ ಎಂದೇ ಪ್ರಸಿದ್ಧ. ಉದ್ದ ಸುಮಾರು ೫.೮ ಮೀಟರ್, ಅಗಲ ೨.೧ ಮೀಟರ್, ಆರು ಸಿಲಿಂಡರಿನ ಮೇಬಾಕ್ ಎಂಜಿನ್ನು, ನೂರು ಕುದುರೆಶಕ್ತಿ, ಚಾಲಕನೂ ಅವನ ಜೊತೆಗಾರನೂ ಸೇರಿ ಹನ್ನೆರಡು ಮಂದಿಗೆ ಸ್ಥಳ, ಮೇಲೆ ಮುಚ್ಚಿಗೆಯಿಲ್ಲ. ೧೯೩೯ರಿಂದ ೧೯೪೫ರವರೆಗೆ ಸುಮಾರು ಹದಿನೈದು ಸಾವಿರ ಗಾಡಿಗಳು ತಯಾರಾದುವು. ಎ, ಬಿ, ಸಿ, ಡಿ ಎಂದು ನಾಲ್ಕು ಮಾದರಿಗಳು. ಉಪಯೋಗಕ್ಕೆ ತಕ್ಕಂತೆ ಒಟ್ಟು ಇಪ್ಪತ್ತಕ್ಕೂ ಹೆಚ್ಚಿನ ರೂಪಾಂತರಗಳು.

ಈ ರೂಪಾಂತರಗಳೇ ನಮ್ಮಂಥ ಹವ್ಯಾಸಿಗಳ ಪಾಲಿನ ಹಬ್ಬ. ಜಪಾನಿನ ಶಿಝುವೊಕಾ ನಗರದ ತಮಿಯಾ ಸಂಸ್ಥೆಯೂ ಅದರ ಬಳಿಕ ಬೇರೆ ಸಂಸ್ಥೆಗಳೂ ಈ ಗಾಡಿಯನ್ನು ಮೂವತ್ತೈದನೆಯ ಒಂದು ಅಳತೆಗೆ ಇಳಿಸಿ, ಬಿಡಿಭಾಗಗಳನ್ನು ಡಬ್ಬಿಯಲ್ಲಿಟ್ಟು ಮಾರುತ್ತವೆ. ಈ ಮೂವತ್ತೈದು ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂಬ ಕಥೆ ಸ್ವಾರಸ್ಯವಾಗಿದೆ. ೧೯೬೦ರ ದಶಕದ ಆದಿಯಲ್ಲಿ ಆ ಸಂಸ್ಥೆ ಮೋಟಾರಿನಿಂದ ಓಡುವ ಪ್ಯಾಂಥರ್ ಟ್ಯಾಂಕಿನ ಪ್ರತಿಕೃತಿಯನ್ನು ಮಾಡಿತು. ಬ್ಯಾಟರಿಗಳೂ ಮೋಟಾರೂ ಒಳಗೆ ಹಿಡಿಸುವಷ್ಟು ಅಗಲವನ್ನು ಇಟ್ಟು, ಆಮೇಲೆ ಅಳೆದು ನೋಡಿದಾಗ ಅದು ಮೂವತ್ತೈದನೆಯ ಒಂದರಷ್ಟಿತ್ತು. ಬ್ಯಾಟರಿಯ ಗಾತ್ರದಿಂದ ಹುಟ್ಟಿದ ಅಳತೆಯನ್ನು ಇಂದು ಜಗತ್ತೆಲ್ಲ ಶಾಸ್ತ್ರವೆಂಬಂತೆ ಪಾಲಿಸುತ್ತಿದೆ. ನಮ್ಮ ಅನೇಕ ಸಂಪ್ರದಾಯಗಳ ಮೂಲವೂ ಹುಡುಕುತ್ತ ಹೋದರೆ ಹೀಗೆಯೇ ಇದ್ದೀತು!

ನನ್ನ ಸೋದರಮಾವನವರು ಬೆಂಗಳೂರಿನಿಂದ ಬರುವಾಗ ನನಗೆ ಇಂಥದೊಂದು ಡಬ್ಬಿಯನ್ನು ತಂದುಕೊಟ್ಟರು. ಅದು ೨೫೧ರ ಡಿ ಮಾದರಿ. ಡಬ್ಬಿಯಲ್ಲಿದ್ದುದನ್ನು ಕಾಗದದಲ್ಲಿ ತೋರಿಸಿದಂತೆ ಅಂಟಿಸಿದ್ದರೆ ಮೂರು ದಿನದಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ಹವ್ಯಾಸಿಗೆ ಅಷ್ಟರಿಂದ ತೃಪ್ತಿಯಿಲ್ಲ. ಡಬ್ಬಿಯಲ್ಲಿಲ್ಲದ ರೂಪವನ್ನು ಮಾಡುವುದು, ಇರುವ ರೂಪದಲ್ಲಿ ಬಿಟ್ಟುಹೋದ ವಿವರಗಳನ್ನು ಸೇರಿಸುವುದು, ಇವೆರಡರಲ್ಲಿಯೇ ನಿಜವಾದ ಸುಖವಿದೆ. ನಾನು ನನ್ನ ಗಾಡಿಯನ್ನು ೨೫೧/೭ ಎಂಬ ರೂಪಕ್ಕೆ ತಿರುಗಿಸಲು ಹೊರಟೆ. ಅದು ಸೇತುವೆ ಕಟ್ಟುವ ಪಡೆಯವರ ಗಾಡಿ. ಎರಡು ಬದಿಗೂ ಹಳ್ಳ ದಾಟಲು ಹಾಸುವ ಪುಟ್ಟ ಸೇತುವೆಯ ತೊಲೆಗಳನ್ನು ಹೊತ್ತಿರುತ್ತದೆ. ತೆಳುವಾದ ಪ್ಲಾಸ್ಟಿಕ್ ಹಾಳೆಯಿಂದ ಆ ತೊಲೆಗಳನ್ನು ಕೊಯ್ದೆ. ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಉರಿಗೆ ಹಿಡಿದು ಮೆತ್ತಗಾದಾಗ ಎಳೆದರೆ ಕೂದಲಿನಂಥ ಎಳೆ ಬರುತ್ತದೆ. ಅದರಿಂದ ರೇಡಿಯೋ ಕಂಬಿಯನ್ನು ಮಾಡಿದೆ. ಔಷಧಿ ಮಾತ್ರೆಯ ತೆಳು ತಗಡಿನಿಂದ ಬಿಗಿಪಟ್ಟಿಗಳನ್ನು ಕತ್ತರಿಸಿದೆ. ಎರಡು ಸಲ ಬೆರಳು ಕೊಯ್ದುಕೊಂಡೆ. ಒಂದು ಸಲ ಅಂಟು ಹೆಚ್ಚಾಗಿ ಕಿಟಕಿಯ ಸೀಳೇ ಕರಗಿ ಮುಚ್ಚಿಹೋಯಿತು.

ಇದು ಮಕ್ಕಳಾಟವೆನ್ನುವವರಿಗೆ ನಾನು ಎರಡೇ ನಿದರ್ಶನಗಳನ್ನು ಕೊಡುತ್ತೇನೆ.

ಮೊದಲನೆಯದು ಗಾಲಿಗಳ ವಿಷಯ. ಪಟ್ಟಿಯ ಒಳಗೆ ಬದಿಗೆ ಆರಾರು ಅಚ್ಚುಗಳು. ಅವುಗಳ ಗಾಲಿಗಳು ಒಂದರ ಪಕ್ಕದಲ್ಲೊಂದು ಬಿಡಿಯಾಗಿ ನಿಂತಿಲ್ಲ. ಕೈಬೆರಳುಗಳನ್ನು ಹೆಣೆದಂತೆ ಒಂದರೊಳಗೊಂದು ತೂರಿಕೊಂಡಿವೆ. ನಾನು ಅವಸರದಲ್ಲಿ ಹೊರಗಿನ ಗಾಲಿಗಳನ್ನು ಮೊದಲೇ ಅಂಟಿಸಿಬಿಟ್ಟೆ. ಒಳಗಿನದೊಂದು ಬಾಕಿ ಉಳಿಯಿತು. ಅದನ್ನು ಸೇರಿಸಬೇಕಾದರೆ ಹೊರಗಿನವನ್ನೆಲ್ಲ ಕಿತ್ತು ಮತ್ತೆ ಆರಂಭಿಸಬೇಕಾಯಿತು. ಬೈದುಕೊಳ್ಳುತ್ತ ಕೀಳುತ್ತಿದ್ದಾಗ ಥಟ್ಟನೆ ಹೊಳೆಯಿತು: ರಣರಂಗದಲ್ಲಿ ಒಳಗಾಲಿ ಕೆಟ್ಟಾಗ ನಿಜವಾದ ಗಾಡಿಯ ಮೆಕ್ಯಾನಿಕ್ಕನೂ ಮಾಡಬೇಕಾಗಿದ್ದುದು ಇದನ್ನೇ! ಈ ಹೆಣಿಗೆಯಿಂದ ಭಾರ ಸಮನಾಗಿ ಹಂಚಿ ಗಾಡಿ ನಯವಾಗಿ ಓಡುತ್ತಿತ್ತೆಂಬುದು ನಿಜ. ಆದರೆ ರಷ್ಯದ ಚಳಿಯಲ್ಲಿ ಗಾಲಿಗಳ ನಡುವೆ ತುಂಬಿದ ಕೆಸರು ರಾತ್ರಿ ಹೆಪ್ಪುಗಟ್ಟಿ ಬೆಳಗಾಗುವಾಗ ಗಾಡಿ ಅಲುಗಾಡದಂತಾಗುತ್ತಿದ್ದುದೂ ನಿಜ. ಪಟ್ಟಿಯ ಒಂದೊಂದು ಕೊಂಡಿಗೂ ರಬ್ಬರಿನ ಮೆತ್ತೆ, ಒಂದೊಂದು ಕೀಲಿಗೂ ಸೂಜಿ ಬೇರಿಂಗು, ಅದಕ್ಕೆ ಬೇರೆ ಎಣ್ಣೆಜಿಡ್ಡು. ಅಂದವಾದ ಕೆಲಸವೇ ಸರಿ. ಆದರೆ ಇಂಥ ಅಂದದಿಂದ ಯುದ್ಧಕಾಲದಲ್ಲಿ ಲೆಕ್ಕಕ್ಕೆ ಸಿಗುವಷ್ಟು ಗಾಡಿಗಳನ್ನು ಮಾಡಲಾಗುವುದಿಲ್ಲ. ಅಮೆರಿಕನ್ನರು ಲಾರಿಯ ಸಾಮಾನುಗಳನ್ನೇ ಬಳಸಿ, ಮುಂದಿನ ಗಾಲಿಗೂ ಎಂಜಿನ್ನಿನ ಬಲ ಕೊಟ್ಟು, ಸರಳವಾದ ಹಾಫ್‌ಟ್ರ್ಯಾಕನ್ನು ಮಾಡಿದರು. ನಲವತ್ತು ಸಾವಿರಕ್ಕೂ ಮೀರಿ ಮಾಡಿದರು.

ಎರಡನೆಯದು ತಗಡಿನ ದಪ್ಪ. ನಿಜವಾದ ಗಾಡಿಯ ಮುಂಭಾಗದ ಉಕ್ಕು ೧೪.೫ ಮಿಲಿಮೀಟರ್, ಬದಿಯ ಉಕ್ಕು ಕೇವಲ ೮ ಮಿಲಿಮೀಟರ್. ಎಂಟನ್ನು ಮೂವತ್ತೈದರಿಂದ ಭಾಗಿಸಿದರೆ ಮಿಲಿಮೀಟರಿನ ಕಾಲು ಭಾಗವೂ ಬರುವುದಿಲ್ಲ. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ಕಿಗೆ ಅಷ್ಟು ತೆಳುವಾಗಿ ನಿಲ್ಲುವ ಶಕ್ತಿಯಿಲ್ಲ. ಡಬ್ಬಿಯಲ್ಲಿ ಬರುವ ಗೋಡೆ ಒಂದು ಮಿಲಿಮೀಟರ್ ದಪ್ಪವಿದ್ದರೆ, ನಿಜದ ಲೆಕ್ಕದಲ್ಲಿ ಅದು ಮೂವತ್ತೈದು ಮಿಲಿಮೀಟರ್ ಆಯಿತು. ಅಂದರೆ ನಾವು ಆಡುವ ಗಾಡಿ ಕೋಟೆಯಂತೆ ಕಾಣುತ್ತದೆ. ನಿಜವಾದದ್ದು ಭಾರಿ ಮೆಷಿನ್‌ಗನ್ನಿನ ಗುಂಡನ್ನೂ ತಡೆಯಲಾರದ ಪೆಟ್ಟಿಗೆಯಾಗಿತ್ತು. ಮೇಲಿನಿಂದ ಬಿದ್ದ ಗುಂಡಿನ ಚೂರಿಗಂತೂ ಅಡ್ಡಿಯೇ ಇಲ್ಲ. ಕಾಣುವ ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿ ತೆಳುಮಾಡುತ್ತ ಹೋದಂತೆಲ್ಲ ಒಳಗೆ ಕೂರಿಸಿದ್ದ ಪುಟ್ಟ ಬೊಂಬೆಗಳ ಬಗೆಗೆ ನನಗೆ ಏನೋ ಕಳವಳವಾಯಿತು. ಪುಸ್ತಕದಲ್ಲಿ ‘೮ ಮಿ.ಮೀ.’ ಎಂದು ಓದಿದಾಗ ಆಗದಿದ್ದ ಕಳವಳ ಅದು. ಕೈ ತಿಳಿದದ್ದನ್ನು ತಲೆ ಬೇಗನೆ ಮರೆಯುವುದಿಲ್ಲ.

ಮಕ್ಕಳಾಟದ ಆಕ್ಷೇಪಣೆಗೆ ಇಷ್ಟು ಸಾಕು. ಇಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳಿಬಿಡುತ್ತೇನೆ. ಈಚೆಗೆ ವಿವರಗಳೂ ಅಂಗಡಿಯಲ್ಲಿ ದೊರೆಯುತ್ತವೆ. ಹಿತ್ತಾಳೆಯ ಹಾಳೆಯನ್ನು ಆಮ್ಲದಿಂದ ಕೊರೆದು ಮಾಡಿದ ಬಿಗಿಪಟ್ಟಿ, ರಾಳದಲ್ಲಿ ಎರಕ ಹೊಯ್ದ ಎಂಜಿನ್ನು, ಮುದ್ರಣಯಂತ್ರದಂಥ ಯಂತ್ರದಲ್ಲಿ ಪದರಪದರವಾಗಿ ಬೆಳೆಸಿದ ಬಿಡಿಕೊಂಡಿಗಳು, ಎಲ್ಲವೂ ಸಿದ್ಧ. ಹಣವಿದ್ದವರು ಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಆದರೆ ಕೊಂಡ ವಿವರವನ್ನು ಅಂಟಿಸಲು ಅದು ಏತಕ್ಕೆ ಇದೆಯೆಂದು ತಿಳಿದಿರಬೇಕಾಗಿಲ್ಲ. ತಾನೇ ಮಾಡಬೇಕಾದವನು ತಿಳಿಯದೆ ಗತಿಯಿಲ್ಲ. ಟಿಪ್ಪಣಿಯನ್ನು ಕೊಂಡು ಪರೀಕ್ಷೆ ಬರೆದವನಿಗೂ ತಾನೇ ಟಿಪ್ಪಣಿ ಮಾಡಿಕೊಂಡವನಿಗೂ ಇರುವ ಅಂತರವೇ ಇಲ್ಲಿಯೂ ಇದೆ. ನಮ್ಮ ಸಹಪಾಠಿಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲವಷ್ಟೆ.

ಇನ್ನು ಎರಡನೆಯ ಆಕ್ಷೇಪಣೆಗೆ ಬರೋಣ.

ಕಳೆದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಇತಿಹಾಸ ವಿಭಾಗದವರು ಒಂದು ಪ್ರದರ್ಶನವನ್ನು ಏರ್ಪಡಿಸಿದ್ದರು. ನಾನು ಹೆಮ್ಮೆಯಿಂದ ನನ್ನ ಗಾಡಿಯನ್ನು ಒಯ್ದಿಟ್ಟೆ. ಮುಂದೊಂದು ಚೀಟಿ: ‘ಜರ್ಮನಿಯ ಅದ್ಭುತ ಯುದ್ಧಯಂತ್ರ’. ಜನ ಬಂದರು, ಬಗ್ಗಿ ನೋಡಿದರು, ಹೊಗಳಿದರು. ಪ್ರಥಮ ವರ್ಷದ ಹುಡುಗನೊಬ್ಬ ಬಹಳ ಹೊತ್ತು ನಿಂತು ನೋಡಿ, ಕಣ್ಣರಳಿಸಿ, “ಅಣ್ಣಾ, ಏನು ಅಚ್ಚುಕಟ್ಟು! ಶಿಸ್ತು ಅಂದರೆ ಹೀಗಿರಬೇಕು. ನಮ್ಮ ದೇಶಕ್ಕೂ ಹಿಟ್ಲರನಂಥವನೊಬ್ಬ ಬೇಕಣ್ಣಾ” ಎಂದ. ಆ ಹುಡುಗ ಕೆಟ್ಟವನಲ್ಲ. ಬಸ್ಸು ಹೊತ್ತಿಗೆ ಸರಿಯಾಗಿ ಬಾರದಿದ್ದರೂ ಇದೇ ಮಾತನ್ನು ಆಡುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಅಂದು ಆ ಮಾತು ಹುಟ್ಟಿದ್ದು ನನ್ನ ಕೈಯ ಕೆಲಸವನ್ನು ನೋಡಿ. ನನಗೆ ಉತ್ತರ ತೋಚಲಿಲ್ಲ, ಸುಮ್ಮನೆ ನಕ್ಕೆ. ಆ ನಗೆಗಾಗಿ ನಾನು ಇಂದಿಗೂ ನಾಚಿಕೊಳ್ಳುತ್ತೇನೆ.

ಪಕ್ಕದಲ್ಲಿಯೇ ನಿಂತಿದ್ದ ನಮ್ಮ ಇತಿಹಾಸದ ಮೇಷ್ಟ್ರು ಅವನನ್ನೂ ಗದರಲಿಲ್ಲ, ನನ್ನನ್ನೂ ಗದರಲಿಲ್ಲ. ಗಾಡಿಯನ್ನು ಒಂದು ಸುತ್ತು ನೋಡಿ, “ಬಹಳ ಚೆನ್ನಾಗಿದೆಯಪ್ಪಾ. ಇದು ಎಲ್ಲಿಗೆ ಹೊರಟಿದೆ?” ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ಅದರ ಪ್ರತಿಯೊಂದು ಬೋಲ್ಟನ್ನೂ ನಾನು ಬಲ್ಲೆ. ಸಿ ಮಾದರಿಯ ಮೂತಿಗೂ ಎ ಮಾದರಿಯ ಮೂತಿಗೂ ಏನು ವ್ಯತ್ಯಾಸವೆಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ೧೯೪೩ರ ಫೆಬ್ರವರಿಯಲ್ಲಿ ಬೂದುಬಣ್ಣ ಹೋಗಿ ಹಳದಿ ಬಣ್ಣ ಬಂತೆಂದೂ ಬಲ್ಲೆ. ಆದರೆ ಅದು ಎಲ್ಲಿಗೆ ಹೊರಟಿತ್ತು, ಯಾರು ಹೊರಟಿದ್ದರು, ತಲುಪಿದಲ್ಲಿ ಏನಾಯಿತು ಎಂಬುದನ್ನು ನಾನು ಕೇಳಿಕೊಂಡೇ ಇರಲಿಲ್ಲ. ವಿವರದ ಹುಚ್ಚು ಹಿಡಿದವನು ಎಲ್ಲಕ್ಕಿಂತ ದೊಡ್ಡ ವಿವರವನ್ನೇ ಬಿಟ್ಟಿದ್ದೆ.

ಅಂದಿನಿಂದ ನಾನು ಓದತೊಡಗಿದೆ. ತಿಳಿದದ್ದು ಬಹಳ; ಅದರಲ್ಲಿ ಕೆಲವನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದಾಗಿ, ಆ ಹುಡುಗ ಮೆಚ್ಚಿದ ‘ಶಿಸ್ತಿನ ಯಂತ್ರಸೈನ್ಯ’ ಬಹುಮಟ್ಟಿಗೆ ಕಟ್ಟುಕಥೆ. ಟ್ಯಾಂಕು ದಳಗಳಲ್ಲಿಯೂ ಸಾಮಾನ್ಯವಾಗಿ ಕಾಲಾಳುಗಳ ಒಂದು ಬೆಟಾಲಿಯನ್ನಿಗೆ ಮಾತ್ರ ಈ ಗಾಡಿಗಳು ದೊರೆಯುತ್ತಿದ್ದುವು. ಉಳಿದವರು ಲಾರಿಗಳಲ್ಲಿ ಹೋಗುತ್ತಿದ್ದರು. ಜರ್ಮನ್ ಸೈನ್ಯದ ಬಹುಪಾಲು ಕಾಲ್ನಡಿಗೆಯಲ್ಲಿ ನಡೆಯುತ್ತಿತ್ತು. ಅದರ ಫಿರಂಗಿಯನ್ನೂ ರೇಷನ್ನನ್ನೂ ಎಳೆಯುತ್ತಿದ್ದುವು ಕುದುರೆಗಳು. ಹವ್ಯಾಸಿಗಳ ಕಪಾಟುಗಳಲ್ಲಿ ನೂರು ಹಾಫ್‌ಟ್ರ್ಯಾಕಿಗೆ ಒಂದು ಕುದುರೆಗಾಡಿಯಾದರೂ ಇರುವುದು ಅನುಮಾನ. ಒಂದೊಂದು ಪ್ರತಿಕೃತಿಯೂ ನಿಜವೇ ಆದರೂ ಕಪಾಟು ಒಟ್ಟಾಗಿ ಸುಳ್ಳು ಹೇಳುತ್ತದೆ.

ಎರಡನೆಯದಾಗಿ, ಈ ಅಚ್ಚುಕಟ್ಟನ್ನು ದುಡಿದವರು ಯಾರು? ೧೯೪೪ರ ವೇಳೆಗೆ ಜರ್ಮನಿಯಲ್ಲಿ ದುಡಿಯುತ್ತಿದ್ದ ವಿದೇಶೀಯರು ಎಪ್ಪತ್ತು ಲಕ್ಷಕ್ಕೂ ಮಿಕ್ಕಿದ್ದರು. ಅವರಲ್ಲಿ ಬಹುಮಂದಿ ಪೋಲೆಂಡು, ರಷ್ಯ, ಉಕ್ರೇನುಗಳಿಂದ ಬಲಾತ್ಕಾರವಾಗಿ ಹಿಡಿದು ತಂದವರು, ಯುದ್ಧಕೈದಿಗಳು, ಸೆರೆಶಿಬಿರದವರು. ಶಿಸ್ತೆಂದು ನಾವು ಮೆಚ್ಚುವುದರ ತಳದಲ್ಲಿ ಹಸಿವೂ ಚಾಟಿಯೂ ಇದ್ದುವು.

ಮೂರನೆಯದಾಗಿ, ಅದು ಎಲ್ಲಿಗೆ ಹೊರಟಿತ್ತು? ೧೯೩೯ರ ಸೆಪ್ಟೆಂಬರಿನಲ್ಲಿ ಪೋಲೆಂಡಿಗೆ. ೧೯೪೦ರ ಮೇ ತಿಂಗಳಿನಲ್ಲಿ ಫ್ರಾನ್ಸಿಗೆ. ೧೯೪೧ರ ಜೂನ್ ೨೨ರಂದು ಸೋವಿಯೆತ್ ಒಕ್ಕೂಟಕ್ಕೆ. ಎಲ್ಲಿಗೂ ಯಾರೂ ಕರೆದಿರಲಿಲ್ಲ. ಸೋವಿಯೆತ್ ಒಕ್ಕೂಟವೊಂದರಲ್ಲಿಯೇ ಆ ಯುದ್ಧದಲ್ಲಿ ಸತ್ತವರು ಎರಡು ಕೋಟಿ ಎಪ್ಪತ್ತು ಲಕ್ಷ ಮಂದಿಯೆಂದು ಎಣಿಕೆ. ಒಂದೇ ಒಡಲಿನ ಮೇಲೆ ಗಾಯಾಳುಗಳ ಮಂಚವಿಟ್ಟರೆ ಅದು ೨೫೧/೮, ಆಂಬುಲೆನ್ಸು. ಬೆಂಕಿ ಉಗುಳುವ ಕೊಳವೆಯಿಟ್ಟರೆ ಅದೇ ೨೫೧/೧೬. ಕೆಲವು ತುಣುಕುಗಳನ್ನು ಬದಲಿಸಿ ಮೊದಲನೆಯದನ್ನು ಎರಡನೆಯದಾಗಿ ಮಾಡುವುದು ನಮಗೆ ಒಂದು ಸಂಜೆಯ ಕೆಲಸ. ಹಾಗೆ ಮಾಡುವಾಗ ಕೈ ಒಂದು ಕ್ಷಣವಾದರೂ ನಿಲ್ಲಬೇಡವೆ?

ಹಾಗಾದರೆ ಈ ಗಾಡಿಗಳನ್ನು ಮಾಡುವುದನ್ನೇ ಬಿಟ್ಟುಬಿಡಬೇಕೆ? ಬಿಡಬೇಕೆನ್ನುವವರ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಹವ್ಯಾಸದ ನೆಪದಲ್ಲಿ ನಾಜಿಗಳ ಸಮವಸ್ತ್ರವನ್ನೂ ಬಿರುದುಗಳನ್ನೂ ಪೂಜಿಸುವವರು ಇದ್ದಾರೆ. ಡಬ್ಬಿಯ ಮೇಲಿನ ಚಿತ್ರಗಳೂ ವೀರಾವೇಶದಿಂದಲೇ ತುಂಬಿರುತ್ತವೆ. ಜರ್ಮನಿಯ ಕಾನೂನು ಸ್ವಸ್ತಿಕದ ಆ ಪಕ್ಷದ ಚಿಹ್ನೆಯನ್ನು ಸಾರ್ವಜನಿಕವಾಗಿ ಮೆರೆಸುವುದನ್ನು ನಿಷೇಧಿಸಿರುವುದು ಸುಮ್ಮನೆ ಅಲ್ಲ. ಆದರೆ ನನ್ನ ಅಭಿಪ್ರಾಯವೇನೆಂದರೆ, ಮಾಡದೆ ಬಿಡುವುದರಿಂದ ಮೋಹ ಹೋಗುವುದಿಲ್ಲ. ಅರ್ಧ ಮಾಡಿ ನಿಲ್ಲಿಸುವುದರಿಂದ ಮೋಹ ಹುಟ್ಟುತ್ತದೆ. ಆ ಹುಡುಗನನ್ನು ದಾರಿ ತಪ್ಪಿಸಿದ್ದು ನನ್ನ ಗಾಡಿಯ ನಿಜವಲ್ಲ, ಅದರ ಅರೆನಿಜ. ಗಾಲಿಯ ಹೆಣಿಗೆ ಹೆಪ್ಪುಗಟ್ಟುತ್ತಿದ್ದುದನ್ನೂ ತಗಡು ತೂತಾಗುತ್ತಿದ್ದುದನ್ನೂ ಕೈದಿಗಳು ದುಡಿದುದನ್ನೂ ನಾನು ಚೀಟಿಯಲ್ಲಿ ಬರೆದಿದ್ದರೆ ಅವನು ಆ ಮಾತನ್ನು ಆಡುತ್ತಿದ್ದನೆ?

ಓದುತ್ತಿದ್ದಾಗ ನನಗೆ ಒಂದು ಹಳೆಯ ಛಾಯಾಚಿತ್ರದ ಪರಿಚಯವಾಯಿತು. ೧೯೪೪ರ ಆಗಸ್ಟ್ ೧ರಂದು ಪೋಲೆಂಡಿನ ರಾಜಧಾನಿ ವಾರ್ಸಾದ ಜನ ಜರ್ಮನರ ವಿರುದ್ಧ ದಂಗೆಯೆದ್ದರು. ಆಗಸ್ಟ್ ೧೪ರಂದು ಅವರ ಗುಪ್ತಸೈನ್ಯದವರು ಡಿ ಮಾದರಿಯ ಹಾಫ್‌ಟ್ರ್ಯಾಕೊಂದನ್ನು ವಶಪಡಿಸಿಕೊಂಡರು. ಅದಕ್ಕೆ ಮೊದಲು ‘ಯಾಶ್’ ಎಂದೂ ಬಳಿಕ ‘ಶಾರಿ ವಿಲ್ಕ್’, ಅಂದರೆ ಬೂದು ತೋಳ, ಎಂದೂ ಹೆಸರಿಟ್ಟರು. ಅದಕ್ಕೆ ಜೊತೆಯಾಗಿ ಮತ್ತೊಂದು ಗಾಡಿಯನ್ನು ತಾವೇ ಮಾಡಿದರು. ಷೆವ್ರೊಲೆ ಲಾರಿಯೊಂದರ ಮೇಲೆ ಉಕ್ಕಿನ ತಗಡುಗಳನ್ನು ಬೆಸೆದು, ಮುತ್ತಿಗೆಯ ನಡುವೆ, ಎರಡು ವಾರದೊಳಗಾಗಿ ಸಿದ್ಧಪಡಿಸಿದ ಆ ಗಾಡಿಯ ಹೆಸರು ‘ಕುಬುಶ್’. ರೂಪಾಂತರವೆಂದರೆ ಅದು! ನಾವು ಮೇಜಿನ ಮೇಲೆ ಸುಖವಾಗಿ ಕುಳಿತು ಮಾಡುವುದನ್ನು ಅವರು ಗುಂಡಿನ ಸದ್ದಿನಲ್ಲಿ ನಿಜವಾದ ಉಕ್ಕಿನಿಂದ ಮಾಡಿದರು. ಆ ಕುಬುಶ್ ಇಂದಿಗೂ ವಾರ್ಸಾದ ಸೈನ್ಯ ವಸ್ತುಸಂಗ್ರಹಾಲಯದ ಸ್ವತ್ತಾಗಿ ಉಳಿದಿದೆ.

ಈ ಎರಡು ಗಾಡಿಗಳು ಕೂಡಿ ಆಗಸ್ಟ್ ೨೩ರಂದು ಯಾವುದರ ಮೇಲೆ ನುಗ್ಗಿದುವೆಂದು ಬಲ್ಲಿರಾ? ವಾರ್ಸಾ ವಿಶ್ವವಿದ್ಯಾನಿಲಯದ ಮೇಲೆ. ಜರ್ಮನರು ದೇಶವನ್ನು ಹಿಡಿದೊಡನೆ ಪೋಲರಿಗೆ ವಿಶ್ವವಿದ್ಯಾನಿಲಯಗಳ ಬಾಗಿಲು ಮುಚ್ಚಿದ್ದರು. ಅಧ್ಯಾಪಕರೂ ವಿದ್ಯಾರ್ಥಿಗಳೂ ಪ್ರಾಣದ ಹಂಗು ತೊರೆದು ಮನೆಮನೆಗಳಲ್ಲಿ ಗುಟ್ಟಾಗಿ ತರಗತಿ ನಡೆಸುತ್ತಿದ್ದರು. ವಿಶ್ವವಿದ್ಯಾನಿಲಯದ ಆವರಣ ಮಾತ್ರ ಜರ್ಮನ್ ಪಡೆಯ ಠಾಣ್ಯವಾಗಿತ್ತು. ಅದನ್ನು ಮರಳಿ ಪಡೆಯಲೆಂದು ಅವರು ನುಗ್ಗಿದರು, ಪಡೆಯಲಾಗಲಿಲ್ಲ. ಅರವತ್ತಮೂರು ದಿನಗಳ ಬಳಿಕ ದಂಗೆ ಅಡಗಿತು. ನಗರದ ಒಂದೂವರೆ ಲಕ್ಷಕ್ಕೆ ಕಡಮೆಯಿಲ್ಲದಷ್ಟು ಸಾಮಾನ್ಯ ಜನ ಸತ್ತಿದ್ದರು. ಹಾಜರಿ ಕಡಮೆಯಾಯಿತೆಂದು ಕೊರಗುತ್ತ ತರಗತಿಗೆ ಬರುವ ನಮಗೆ, ತರಗತಿಗೆ ಹೋಗುವುದೇ ಅಪರಾಧವಾಗಿದ್ದ ಒಂದು ಕಾಲವಿತ್ತೆಂಬುದು ತಿಳಿದಿರಬೇಡವೆ?

ದೂರದ ಯೂರೋಪಿನ ಜಗಳ ನಮಗೇಕೆ ಎನ್ನುವವರಿಗೂ ಒಂದು ಮಾತು. ಆ ಯುದ್ಧದಲ್ಲಿ ಇಪ್ಪತ್ತೈದು ಲಕ್ಷ ಭಾರತೀಯರು ಸೈನಿಕರಾಗಿದ್ದರು. ಉತ್ತರ ಆಫ್ರಿಕದ ಮರಳಿನಲ್ಲಿಯೂ ಇಟಲಿಯ ಬೆಟ್ಟಗಳಲ್ಲಿಯೂ ಇದೇ ಜರ್ಮನ್ ಸೈನ್ಯವನ್ನು ನಮ್ಮವರು ಎದುರಿಸಿದರು. ಬೆಂಗಳೂರೇ ನೆಲೆಯಾಗಿರುವ ಮದರಾಸು ಸ್ಯಾಪರ್ಸ್ ಪಡೆಯ ಸುಬೇದಾರ್ ಸುಬ್ರಮಣಿಯನ್ ೧೯೪೪ರ ಫೆಬ್ರವರಿ ೨೪ರಂದು ಇಟಲಿಯಲ್ಲಿ, ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಾನೇ ಬಿದ್ದು ಸಂಗಡಿಗರನ್ನು ಉಳಿಸಿ ಪ್ರಾಣ ಬಿಟ್ಟರು. ಅವರಿಗೆ ಮರಣಾನಂತರ ಜಾರ್ಜ್ ಕ್ರಾಸ್ ಪದಕ ಬಂತು. ಹಿಟ್ಲರನಂಥವನೊಬ್ಬ ನಮಗೆ ಬೇಕೆನ್ನುವವರು ಅವನ ಸೈನ್ಯದೆದುರು ಸತ್ತ ನಮ್ಮವರನ್ನು ಒಮ್ಮೆ ನೆನೆಯಬೇಕು.

ಕಡೆಗೆ ನಾನು ಮಾಡಿದ್ದು ಇಷ್ಟು. ನನ್ನ ೨೫೧/೭ರಿಂದ ಸೇತುವೆಯ ತೊಲೆಗಳನ್ನು ಬ್ಲೇಡಿನಿಂದ ಬಿಡಿಸಿದೆ. ಅವು ಒಂದು ತಿಂಗಳ ಕೆಲಸವಾಗಿದ್ದುವು. ಬಿಡಿಸುವಾಗ ಮನಸ್ಸು ನೊಂದಿತು. ಅಂಟಿನ ಕಲೆಗಳನ್ನು ಉಜ್ಜಿ, ಬಣ್ಣವನ್ನು ಮತ್ತೆ ಬಳಿದು, ಅದನ್ನು ಬೂದು ತೋಳವಾಗಿ ಮಾಡಿದೆ. ಒಳಗಿದ್ದ ಜರ್ಮನ್ ಬೊಂಬೆಗಳ ತಲೆ ತೋಳುಗಳನ್ನು ಬದಲಿಸಿ, ಒಬ್ಬೊಬ್ಬನಿಗೆ ಒಂದೊಂದು ಬಗೆಯ ಉಡುಪನ್ನು ಪುಟ್ಟಿಯಿಂದ ತಿದ್ದಿ, ತೋಳಿಗೆ ಬಿಳಿ-ಕೆಂಪು ಪಟ್ಟಿ ಕಟ್ಟಿದೆ. ಅಷ್ಟೇನೂ ಚೆನ್ನಾಗಿ ಬಂದಿಲ್ಲ. ಒಬ್ಬನ ಕತ್ತು ಸ್ವಲ್ಪ ಸೊಟ್ಟಗಿದೆ. ಆದರೆ ಈಗ ಅದು ಎಲ್ಲಿಗೆ ಹೊರಟಿದೆಯೆಂದು ಮೇಷ್ಟ್ರು ಕೇಳಿದರೆ ನನ್ನಲ್ಲಿ ಉತ್ತರವಿದೆ.

ಎಲ್ಲರೂ ಹೀಗೆಯೇ ಮಾಡಬೇಕೆಂದು ನಾನು ಹೇಳುವುದಿಲ್ಲ. ಜರ್ಮನ್ ಗಾಡಿಯನ್ನು ಜರ್ಮನ್ ಗಾಡಿಯಾಗಿಯೇ ಮಾಡುವುದರಲ್ಲಿಯೂ ತಪ್ಪಿಲ್ಲ. ಎಲ್ಲವನ್ನೂ ತೋಳವಾಗಿ ಮಾಡಿದರೆ ಅದೂ ಮತ್ತೊಂದು ಸುಳ್ಳಾದೀತು. ನಾನು ಕೇಳುವುದು ಒಂದು ಚೀಟಿಯನ್ನು ಮಾತ್ರ. ಪ್ರತಿಕೃತಿಯ ಮುಂದೆ ನಾಲ್ಕು ಸಾಲಿನ ಚೀಟಿಯಿರಲಿ: ಇದನ್ನು ಯಾರು ದುಡಿದರು, ಇದರಲ್ಲಿ ಯಾರು ಕುಳಿತರು, ಇದು ಎಲ್ಲಿಗೆ ಹೋಯಿತು, ಎದುರಿಗೆ ಯಾರಿದ್ದರು. ಈ ನಾಲ್ಕನ್ನು ಬರೆಯಲಾರದವನು ರಿವೆಟ್ಟುಗಳನ್ನು ಎಷ್ಟು ಎಣಿಸಿದರೂ ಅವನ ಕೆಲಸ ಮುಗಿದಿಲ್ಲವೆಂದೇ ನನ್ನ ಭಾವನೆ. ಗಾಡಿಗಳ ಮಾತು ಹಾಗಿರಲಿ, ನಾವು ಮೆಚ್ಚುವ ಯಾವ ಕೋಟೆ, ಯಾವ ಅರಮನೆ, ಯಾವ ಪಟ್ಟದ ಕತ್ತಿಯ ಮುಂದೆಯೂ ಇಂಥದೊಂದು ಚೀಟಿಯಿದ್ದರೆ ಒಳ್ಳೆಯದೇ.

ಈ ವರ್ಷದ ಪ್ರದರ್ಶನಕ್ಕೆ ಆ ಗಾಡಿಯನ್ನು ಮತ್ತೆ ಇಡುತ್ತೇನೆ. ಕಳೆದ ವರ್ಷದ ಆ ಹುಡುಗ ಈಗ ದ್ವಿತೀಯ ವರ್ಷದಲ್ಲಿದ್ದಾನೆ, ಆಗಾಗ ಎದುರಾಗಿ “ಅಣ್ಣಾ, ಹೊಸದೇನು ಮಾಡಿದಿರಿ?” ಎಂದು ಕೇಳುತ್ತಾನೆ. ಅವನು ಬರಲಿ, ಚೀಟಿಯನ್ನು ಓದಲಿ. ಅಂದು ನಕ್ಕು ಸುಮ್ಮನಾದವನು ಇಂದು ಅವನೊಡನೆ ಮಾತನಾಡಲು ಸಿದ್ಧನಾಗಿದ್ದೇನೆ.